ವಾಲ್ಮೇಯ ಕೈಗೆ ಒಂದು ತೂಯಿ

ರಿವರ್ಟನ್ ಊರಿನವರಿಗೆ ಮರ್ಡಾಕ್ ಕೆಲ್ಸೊ ಎಂದರೆ ಕುರ್ಚಿ ಮರ್ಡಿ. ಹರಿದ ಸೋಫಾ, ಕುಸಿದ ಆರಾಮಕುರ್ಚಿ, ಇಲಿ ಕಚ್ಚಿದ ದೋಣಿಯ ಮೆತ್ತೆ ಏನೇ ಇರಲಿ, ಅವನ ಅಂಗಡಿಗೆ ಹೋದರೆ ಮತ್ತೆ ಜೀವ ಬಂದು ಮನೆಗೆ ಮರಳುತ್ತಿತ್ತು. ಆಮೇಲೆ ಹತ್ತಿರದ ಪಟ್ಟಣ ಇನ್ವರ್‌ಕಾರ್ಗಿಲ್‌ನಲ್ಲಿ ದೊಡ್ಡ ದೊಡ್ಡ ಮಳಿಗೆಗಳು ಬಂದವು. ಹಳೆಯದನ್ನು ಹೊಲಿಸುವುದಕ್ಕಿಂತ ಹೊಸದು ಕೊಳ್ಳುವುದೇ ಅಗ್ಗವಾಯಿತು. ಮರ್ಡಾಕ್ ಅಂಗಡಿಯ ಬಾಗಿಲು ಹಾಕಿದ. ಅದೇ ಚಳಿಗಾಲದಲ್ಲಿ ಹೆಂಡತಿ ಜೋಸ್ಲಿನ್ ತೀರಿಕೊಂಡಳು. ಅವಳನ್ನು ಮಣ್ಣು ಮಾಡಿ ಬಂದವನು ಅಡುಗೆಮನೆಯ ಒಲೆಯ ಪಕ್ಕದ ಕುರ್ಚಿಯಲ್ಲಿ ಕುಳಿತ. ಕುಳಿತವನು ಏಳಲಿಲ್ಲ ಎಂದೇ ಹೇಳಬೇಕು. ಊಟ ತಂದು ಕೊಟ್ಟವರಿಗೆ ಥ್ಯಾಂಕ್ಸ್ ಹೇಳುತ್ತಿದ್ದ, ಪಾತ್ರೆಯನ್ನು ಹಾಗೆಯೇ ವಾಪಸು ಕೊಡುತ್ತಿದ್ದ.

ಅವನನ್ನು ಎಬ್ಬಿಸಿದವಳು ಅಕ್ಕ ವಾಲ್ಮೇ. ಎಳೆ ಕೂಸಾಗಿದ್ದಾಗಲೇ ಮಿದುಳು ಜ್ವರ ಬಂದು ಅವಳ ಎರಡು ಕಣ್ಣೂ ಹೋಗಿದ್ದವು. ದೊಡ್ಡವಳಾದ ಮೇಲೆ ಪಿಯಾನೋ ಶ್ರುತಿ ಮಾಡುವ ಕೆಲಸ ಕಲಿತಳು. ಸೌತ್‌ಲ್ಯಾಂಡ್ ಸೀಮೆಯ ಇಗರ್ಜಿ, ಶಾಲೆ, ಕುರಿ ಸಾಕುವವರ ಮನೆ, ಹೆಂಡದಂಗಡಿ, ಎಲ್ಲಿ ಪಿಯಾನೋ ಇದ್ದರೂ ಅದರ ಹೊಟ್ಟೆಯೊಳಗೆ ಏನಿದೆ ಎಂಬುದು ಅವಳಿಗೆ ಗೊತ್ತಿತ್ತು. ಒಂದು ಬೆಳಿಗ್ಗೆ ಉಪಕರಣಗಳ ಪೆಟ್ಟಿಗೆ ಮತ್ತು ಒಂದು ಸೂಟ್‌ಕೇಸ್ ಹಿಡಿದು ತಮ್ಮನ ಮನೆ ಬಾಗಿಲಿಗೆ ಬಂದು ನಿಂತಳು.

"ಸಿರಿಲ್‌ನ ಟ್ಯಾಕ್ಸಿ ಇನ್ಮೇಲೆ ಬರಲ್ಲ. ನಂಗೆ ಡ್ರೈವರ್ ಬೇಕು."

"ಈಗ ನನ್ನ ಕೈಲಾಗಲ್ಲ ವಾಲ್."

"ಈಗ ಏನ್ ಮಾಡ್ತಿದ್ದೀಯ?"

"ಏನೂ ಇಲ್ಲ."

"ಹಾಗಾದ್ರೆ ಅದನ್ನೇ ಕಾರಲ್ಲಿ ಕೂತು ಮಾಡು."

ಹೀಗೆ ಮರ್ಡಾಕ್ ಕಾರು ಓಡಿಸತೊಡಗಿದ. ಅವಳು ಒಳಗೆ ತಂತಿ ಬಿಗಿಯುತ್ತಿದ್ದರೆ ಇವನು ಹೊರಗೆ ಬೇಲಿಯ ಹತ್ತಿರ ನಿಂತು ಕುರಿಗಳನ್ನು ನೋಡುತ್ತಿದ್ದ. ಮನೆಯವರು ಚಹಾಕ್ಕೆ ಕರೆಯುತ್ತಿದ್ದರು. ಒಂದು ಕಡೆ ಯಾರೋ ಕುರ್ಚಿ ತೋರಿಸಿ "ಇದಕ್ಕೇನಾದ್ರೂ ಮಾಡಕ್ಕಾಗುತ್ತಾ?" ಅಂದರು. ಮುಂದಿನ ಸಲ ಹೋಗುವಾಗ ಡಿಕ್ಕಿಯಲ್ಲಿ ಸೂಜಿ, ದಾರ, ನಾರು ಇಟ್ಟುಕೊಂಡು ಹೋದ. ಮನುಷ್ಯ ಮತ್ತೆ ಮಾತನಾಡತೊಡಗಿದ, ಹೊಟ್ಟೆ ತುಂಬ ಉಣ್ಣತೊಡಗಿದ. ಕೆಲವು ತಿಂಗಳ ನಂತರ ಪೆಟ್ರೋಲ್ ಬಂಕಿನಲ್ಲಿ ಟ್ಯಾಕ್ಸಿಯ ಸಿರಿಲ್ ಸಿಕ್ಕ. ಅವನು ಮುಖ ಊದಿಸಿಕೊಂಡಿದ್ದ. "ನಾನೇನು ತಪ್ಪು ಮಾಡ್ದೆ ಅಂತ ನಿಮ್ಮಕ್ಕ ನನ್ನ ಬಿಟ್ಟಳು ಮರ್ಡಿ? ಬರಲ್ಲ ಅಂತ ನಾನು ಯಾವತ್ತಾದ್ರೂ ಹೇಳಿದ್ನಾ?" ಎಂದ. ಮರ್ಡಾಕ್‌ಗೆ ಎಲ್ಲ ತಿಳಿಯಿತು. ಆದರೆ ಅಕ್ಕನ ಹತ್ತಿರ ಆ ಮಾತನ್ನು ಎತ್ತಲಿಲ್ಲ.

ವಸಂತದಲ್ಲಿ ಒಂದು ದಿನ ಇಬ್ಬರೂ ಕೊಲಾಕ್ ಕೊಲ್ಲಿಯ ಹಳೆಯ ಸಭಾಭವನಕ್ಕೆ ಹೋಗಿದ್ದರು. ಕಿಟಕಿಯ ಹೊರಗಿನ ಕೋಫೈ ಮರ ಎಲೆ ಕಾಣದಷ್ಟು ಹಳದಿ ಹೂ ಬಿಟ್ಟಿತ್ತು. ಅದರಲ್ಲಿ ಒಂದು ತೂಯಿ ಹಕ್ಕಿ ಹೂವಿನ ಜೇನು ಕುಡಿದು ಕುಡಿದು ಅಮಲೇರಿ ಹಾಡುತ್ತಿತ್ತು. ತೂಯಿಯ ಹಾಡು ಎಂದರೆ ಗಂಟೆ, ಕೊಳಲು, ಕೆಮ್ಮು, ತುಕ್ಕು ಹಿಡಿದ ಬಾಗಿಲು ಎಲ್ಲವೂ ಒಂದೇ ಗಂಟಲಿನಲ್ಲಿ. ವಾಲ್ಮೇ ಒಂದು ಸ್ವರ ಒತ್ತಿದರೆ ಅದು ಹೊರಗಿನಿಂದ ಹತ್ತಿರ ಹತ್ತಿರ ಅದೇ ಸ್ವರ ಹೇಳಿ, ಕೊನೆಯಲ್ಲಿ ಕ್ಯಾಕರಿಸಿದಂತೆ ಏನೋ ಸೇರಿಸುತ್ತಿತ್ತು. ವಾಲ್ಮೇ ನಗುತ್ತ ಇನ್ನೊಂದು ಒತ್ತುತ್ತಿದ್ದಳು. ಕೆಲಸ ಮುಗಿಯುವ ಹೊತ್ತಿಗೆ ಗಾಜಿಗೆ ದಪ್ಪೆಂದು ಏನೋ ಬಡಿಯಿತು. ಆಮೇಲೆ ಹಾಡು ಇಲ್ಲ.

"ಅದೇನಾ?" ಅವಳು ಕೇಳಿದಳು.

ಮರ್ಡಾಕ್ ಹೊರಗೆ ಹೋಗಿ ನೋಡಿದ. ಕಿಟಕಿಯ ಕೆಳಗೆ, ಉದುರಿದ ಹಳದಿ ಹೂಗಳ ನಡುವೆ ಬಿದ್ದಿತ್ತು. ಕತ್ತು ಮುರಿದಿತ್ತು. ಕಣ್ಣು ಅರೆ ತೆರೆದಿತ್ತು. ಒಂದು ಗರಿಯೂ ಕೆಟ್ಟಿರಲಿಲ್ಲ. ದೂರದಿಂದ ಕಪ್ಪಾಗಿ ಕಾಣುವ ಹಕ್ಕಿ ಅಂಗೈಗೆ ಬಂದಾಗ ಹಸಿರು, ನೀಲಿ, ಕಂದು ಎಲ್ಲ ಹೊಳೆಯುತ್ತಿತ್ತು. ಗಂಟಲಿನ ಕೆಳಗೆ ಪಾದ್ರಿಯ ಕೊರಳಪಟ್ಟಿಯಂತೆ ಎರಡು ಬಿಳಿ ಕುಚ್ಚು. ಇನ್ನೂ ಬೆಚ್ಚಗಿತ್ತು. ಅವನು ಅದನ್ನು ಕರವಸ್ತ್ರದಲ್ಲಿ ಹಿಡಿದು ಒಳಗೆ ತಂದ.

"ಹೋಯ್ತು ವಾಲ್. ಮುಟ್ತೀಯಾ? ನೀನು ಯಾವತ್ತೂ ಮುಟ್ಟಿಲ್ಲ ಅಲ್ವಾ."

ಅವಳು ಕೈ ಮುಂದೆ ಚಾಚಿದಳು. ಕರವಸ್ತ್ರದ ಅಂಚು ಬೆರಳಿಗೆ ತಾಕುತ್ತಲೇ ಹಿಂದೆಗೆದುಕೊಂಡಳು.

"ಬೇಡ ಕಣೋ. ಸತ್ತ ಮೀನಿನ ಥರ ಜೋಲಾಡೋದನ್ನ ಮುಟ್ಟಿದ್ರೆ ಇನ್ನು ಸಾಯೋವರೆಗೂ ಅದು ಹಾಡಿದಾಗೆಲ್ಲ ನಂಗೆ ಅದೇ ನೆನಪಾಗುತ್ತೆ. ಕೂತಿರೋ ಹಾಗೆ ಇದ್ದಿದ್ರೆ ಮುಟ್ತಿದ್ದೆ. ಕೂತಿರೋ ತೂಯೀನ ಮುಟ್ಟೋ ಭಾಗ್ಯ ಯಾರಿಗಿದೆ ಹೇಳು."

ಅಷ್ಟು ಹೇಳಿ ಪಿಯಾನೋದ ಮುಚ್ಚಳ ಹಾಕಿದಳು. ಅವಳಿಗೆ ಅದು ಅಲ್ಲಿಗೆ ಮುಗಿದ ಮಾತು. ಮರ್ಡಾಕ್ ಮಾತ್ರ ಹಕ್ಕಿಯನ್ನು ಹೂಗಳ ಮೇಲೆ ಮರಳಿ ಇಡಲಿಲ್ಲ. ಡಿಕ್ಕಿಯಲ್ಲಿದ್ದ ಕುದುರೆಕೂದಲಿನ ಮೆತ್ತೆಯ ಮೇಲೆ ಮಲಗಿಸಿ ಮನೆಗೆ ತಂದ.

ಪಕ್ಕದ ಮನೆಯ ರೋಯಿಮಾತಾಳನ್ನು ಊರಿಗೆ ಊರೇ ಆಂಟಿ ರೋಯಿ ಎನ್ನುತ್ತಿತ್ತು, ಅವಳಿಗಿಂತ ದೊಡ್ಡವರು ಕೂಡ. ಊರಿನ ಚಿಕ್ಕ ವಸ್ತುಸಂಗ್ರಹಾಲಯದ ಬೀಗದ ಕೈ ಅವಳ ಸೊಂಟದಲ್ಲಿರುತ್ತಿತ್ತು. ಪ್ರತಿ ವರ್ಷ ಶರತ್ಕಾಲದಲ್ಲಿ ಅವಳು ಆ ನಾಡಿನ ಮೂಲನಿವಾಸಿಗಳಾದ ತನ್ನ ಕುಲದವರೊಂದಿಗೆ ಜಲಸಂಧಿಯಾಚೆಯ ದ್ವೀಪಗಳಿಗೆ ಹೋಗಿ ತೀತಿ ಎಂಬ ಕಡಲಹಕ್ಕಿಯ ಮರಿ ಹಿಡಿದು, ಉಪ್ಪು ಹಾಕಿ, ಬಕೆಟ್ಟುಗಳಲ್ಲಿ ತುಂಬಿಕೊಂಡು ಬರುತ್ತಿದ್ದಳು. ಹಕ್ಕಿ ಬಿಚ್ಚುವ ಕೈ ಎಂದರೆ ಅವಳದೇ. ಮರ್ಡಾಕ್ ತೂಯಿಯನ್ನು ಐಸ್‌ಕ್ರೀಮ್ ಡಬ್ಬಿಯಲ್ಲಿಟ್ಟುಕೊಂಡು ಅವಳ ಹಿಂಬಾಗಿಲಿಗೆ ಹೋದ.

"ಸ್ವಲ್ಪ ದಿನ ನಿನ್ನ ಫ್ರೀಜರ್‌ನಲ್ಲಿ ಇಟ್ಕೋತೀಯಾ ಆಂಟಿ?"

ಅವಳು ಮುಚ್ಚಳ ತೆಗೆದು ನೋಡಿ ಮೆಲ್ಲಗೆ ಮುಚ್ಚಿದಳು. "ತಿನ್ನೋದರ ಜೊತೆ ಇದನ್ನ ಇಡಬಾರದು."

"ನಿನ್ನ ಫ್ರೀಜರ್ ತುಂಬ ಸತ್ತ ಹಕ್ಕಿಗಳೇ ಅಲ್ವಾ?"

"ಅವು ಊಟ. ಇದು ಊಟ ಅಲ್ಲ. ನಿಮ್ಮ ಶೆಡ್ಡಿನಲ್ಲಿ ಗಾಳದ ಹುಳ ಇಡೋ ಹಳೇ ಫ್ರೀಜರ್ ಇದೆಯಲ್ಲ, ಅದನ್ನ ತೊಳೆದು ಇದೊಂದನ್ನೇ ಇಡು. ಮೊದಲು ಇಲಾಖೆಗೆ ಫೋನ್ ಮಾಡು. ಇಲ್ಲಿನ ಹಕ್ಕಿ ಸತ್ತರೂ ಸರ್ಕಾರದ್ದು. ಸುಮ್ನೆ ಮನೇಲಿಟ್ಕೊಂಡ್ರೆ ನಿನ್ನೂ ಫ್ರೀಜರ್‌ನಲ್ಲಿ ಇಡ್ತಾರೆ."

ಫೋನು ಮಾಡಿದ ಮೇಲೆ ಸಂರಕ್ಷಣಾ ಇಲಾಖೆಯಿಂದ ಬ್ರಯೊನಿ ಎಂಬ ಯುವತಿ ಹಸಿರು ಅಂಗಿಯಲ್ಲಿ ಬಂದಳು. ಶೆಡ್ಡಿನಲ್ಲಿ ನಿಂತು ಮರ್ಡಾಕ್ ಹೇಳಿದ್ದನ್ನೆಲ್ಲ ಕೇಳಿದಳು. ಅವನು ಅಕ್ಕನ ಮಾತನ್ನು ಅವಳು ಹೇಳಿದಂತೆಯೇ ಹೇಳಿದ. ಸತ್ತ ಮೀನಿನ ವಿಷಯವನ್ನೂ ಬಿಡಲಿಲ್ಲ. ಚರ್ಮದೊಳಗೆ ನಾರು ತುಂಬಿ ಹಕ್ಕಿಯನ್ನು ಕೂತಿರುವ ಹಾಗೆ ನಿಲ್ಲಿಸಬೇಕೆಂದಿದ್ದೇನೆ ಎಂದ.

"ನಿಮ್ಮ ಮನೇಲಿಡೋಕೆ ಒಪ್ಪಿಗೆ ಸಿಗಲ್ಲ ಮರ್ಡಾಕ್," ಎಂದಳು ಬ್ರಯೊನಿ. "ಆದ್ರೆ ಊರಿನ ವಸ್ತುಸಂಗ್ರಹಾಲಯ ಇಟ್ಕೋಬಹುದು. ಅವರ ಹೆಸರಲ್ಲಿ ಕೇಳಿದ್ರೆ ನಾನು ಮಾಡಿಸಿಕೊಡ್ತೀನಿ. ಹಕ್ಕಿಗೆ ತುಂಬೋದು ನೀವೇನಾ? ಮುಂಚೆ ಮಾಡಿದ್ದೀರಾ?"

"ಕುರ್ಚಿಗೆ ತುಂಬಿದ್ದೀನಿ."

ಅವಳು ನಗು ತಡೆಯಲು ಗೋಡೆಯ ಕಡೆ ತಿರುಗಿದಳು. ಆಮೇಲೆ ಗಂಭೀರವಾಗಿ ಹೇಳಿದಳು. "ಹಾಗಾದ್ರೆ ಮೊದಲು ಕರಿಹಕ್ಕಿ, ಸ್ಟಾರ್ಲಿಂಗ್ ಇಂಥವುಗಳ ಮೇಲೆ ಕೈ ಪಳಗಿಸಿ. ಅವು ಹೊರಗಿಂದ ಬಂದವು, ಯಾರ ಒಪ್ಪಿಗೇನೂ ಬೇಡ. ಬೆಕ್ಕು ಹಿಡಿದದ್ದು, ಕಾರಿಗೆ ಸಿಕ್ಕಿದ್ದು ಬೇಕಾದಷ್ಟು ಸಿಗುತ್ತೆ. ತೂಯಿ ಕಾಯುತ್ತೆ. ಅದಕ್ಕೀಗ ಅವಸರ ಇಲ್ಲ."

ಮೊದಲ ಹಕ್ಕಿ ಆಂಟಿ ರೋಯಿಯ ಬೆಕ್ಕು ತಂದು ಹಾಕಿದ ಕರಿಹಕ್ಕಿ. ಅವಳೇ ಶೆಡ್ಡಿಗೆ ಬಂದು ಹೇಗೆ ಬಿಚ್ಚಬೇಕೆಂದು ತೋರಿಸಿದಳು. ಎದೆಯ ಗರಿಗಳನ್ನು ಬೈತಲೆಯಂತೆ ಎರಡು ಕಡೆಗೆ ಸರಿಸಿದರೆ ನಡುವೆ ಬೋಳು ಚರ್ಮದ ಗೆರೆ ಕಾಣುತ್ತದೆ. ಅಲ್ಲಿ ಚರ್ಮವಷ್ಟನ್ನೇ ಕೊಯ್ಯಬೇಕು, ಒಳಗಿನ ಹೊಟ್ಟೆಗೆ ಅಲಗು ತಾಗಬಾರದು. ಜೋಳದ ಹಿಟ್ಟು ಉದುರಿಸುತ್ತ ಬಂದರೆ ಒದ್ದೆಯೆಲ್ಲ ಅದೇ ಹೀರಿಕೊಳ್ಳುತ್ತದೆ. ಆಮೇಲೆ ಬೆರಳ ತುದಿಯಿಂದ ಚರ್ಮವನ್ನು ಮಾಂಸದಿಂದ ಬಿಡಿಸುತ್ತ, ಕಾಲುಚೀಲವನ್ನು ಒಳಗು ಹೊರಗು ಮಾಡಿದಂತೆ ತಲೆಯವರೆಗೂ ಮಗುಚಬೇಕು. ಕಾಲಿನ ಎಲುಬು, ರೆಕ್ಕೆಯ ಎಲುಬು, ತಲೆಬುರುಡೆ ಮಾತ್ರ ಚರ್ಮದ ಜೊತೆ ಉಳಿಯುತ್ತವೆ.

"ಇಲ್ಲೀತನಕ ನಂಗೆ ಗೊತ್ತು," ಎಂದಳು ಆಂಟಿ ರೋಯಿ, ಕೈ ಒರೆಸಿಕೊಳ್ಳುತ್ತ. "ನಮ್ಮಲ್ಲಿ ಬಿಚ್ಚೋದು ತಿನ್ನೋಕೆ. ವಾಪಸು ಹಕ್ಕಿ ಮಾಡೋದು ನಿನಗೇ ಬಿಟ್ಟಿದ್ದು."

ವಾಪಸು ಹಕ್ಕಿ ಮಾಡುವುದು ತನಗೆ ಬರುತ್ತದೆಂದು ಮರ್ಡಾಕ್‌ಗೆ ಧೈರ್ಯವಿತ್ತು. ತುಂಬುವುದು, ಹೊಲಿಯುವುದು ಅವನ ಆಯುಷ್ಯದ ಕೆಲಸವಲ್ಲವೇ? ಚರ್ಮದ ಒಳಗೆ ಬಿಳಿಗಾರದ ಪುಡಿ ಸವರಿ, ನಾರು ತುರುಕಿ, ಬಾಗಿದ ಸೂಜಿಯಿಂದ ಹೊಲಿಗೆ ಕಾಣದಂತೆ ಹೊಲಿದ. ಒಣಗಿದ ಮೇಲೆ ತಂದು ಅಕ್ಕನ ಮುಂದೆ ಮೇಜಿನ ಮೇಲಿಟ್ಟ. ವಾಲ್ಮೇ ಎರಡೂ ಕೈಯಿಂದ ಸುತ್ತಲೂ ಸವರಿ ನೋಡಿದಳು.

"ಮರ್ಡಿ, ಇದು ಹಕ್ಕೀನಾ, ಇಲ್ಲಾ ಟೀ ಪಾಟಿಗೆ ಹೊದಿಸೋ ಕುಲಾವೀನಾ?"

"ಕರಿಹಕ್ಕಿ ಕಣೆ."

"ದಿಂಬು. ಕೊಕ್ಕಿರೋ ದಿಂಬು. ಇದಕ್ಕೆ ಎದೆ ಎಲ್ಲಿ, ಬೆನ್ನು ಎಲ್ಲಿ? ಎಲ್ಲಾ ಕಡೆ ಒಂದೇ ಸಮ ಉಬ್ಬಿಸಿಬಿಟ್ಟಿದ್ದೀಯ." ನಗು ನಿಂತ ಮೇಲೆ ಅವಳು ಮತ್ತೆ ಮುಟ್ಟಿದಳು. "ಅಮ್ಮನ ಕೋಳಿಗಳು ಜ್ಞಾಪಕ ಇದೆಯಾ? ನಾನು ಯಾವಾಗ್ಲೂ ಒಂದನ್ನ ತೊಡೆ ಮೇಲೆ ಕೂರಿಸ್ಕೊಂಡಿರ್ತಿದ್ದೆ. ಎದೇಲಿ ದೋಣಿಯ ಅಡಿಮರದ ಥರ ಒಂದು ಎಲುಬು ಇರುತ್ತೆ. ಭಾರ ಎಲ್ಲ ಅಲ್ಲಿ, ಮುಂದೆ. ಕಾಲು ಮಧ್ಯದಲ್ಲಿ. ಬಾಲ ಹಿಂದಕ್ಕೆ ಎಳೆದು ಸಮ ಮಾಡುತ್ತೆ. ಹಕ್ಕಿ ಕಾಲಿನ ಮೇಲೆ ನಿಂತಿರಲ್ಲ ಮರ್ಡಿ, ತಕ್ಕಡಿ ಥರ ತೂಗ್ತಿರುತ್ತೆ."

ತಾನು ಈ ಕೆಲಸ ಯಾರಿಗಾಗಿ ಮಾಡುತ್ತಿದ್ದೇನೆಂಬುದನ್ನು ಅವನು ಅಲ್ಲಿಯವರೆಗೂ ಅಕ್ಕನಿಗೆ ಬಾಯಿಬಿಟ್ಟು ಹೇಳಿರಲಿಲ್ಲ. ಅವಳಿಗೆ ಗೊತ್ತಾಗದೆಯೂ ಇರಲಿಲ್ಲ.

"ಯಾಕೆ ಇಷ್ಟೊಂದು ಒದ್ದಾಡ್ತೀಯ? ನಾನು ಏನೋ ಬಾಯಿಗೆ ಬಂದದ್ದು ಅಂದೆ ಅಷ್ಟೆ."

ಮರ್ಡಾಕ್ ಕರಿಹಕ್ಕಿಯನ್ನು ಅತ್ತಿತ್ತ ತಿರುಗಿಸುತ್ತ ಕುಳಿತಿದ್ದ. "ಸಿರಿಲ್ ಸಿಕ್ಕಿದ್ದ," ಎಂದ.

"ಯಾವಾಗ?"

"ಆಗ್ಲೇ. ಹೋದ ವರ್ಷಾನೇ."

"ಅವನ ಟ್ಯಾಕ್ಸೀಲಿ ನಾಯಿ ವಾಸನೆ ಬರ್ತಿತ್ತು," ಎಂದಳು ವಾಲ್ಮೇ.

"ಇರಬಹುದು. ಆದ್ರೂ ನೀನು ಬರದೇ ಇದ್ದಿದ್ರೆ ನಾನು ಇನ್ನೂ ಆ ಕುರ್ಚೀಲೇ ಇರ್ತಿದ್ದೆ ವಾಲ್. ಇಷ್ಟು ಹೊತ್ತಿಗೆ ಇರ್ತಿದ್ನೋ ಇಲ್ವೋ."

ಅವಳು ಕೈ ಚಾಚಿ ಅವನ ಮೊಣಕೈ ಹುಡುಕಿ ಒಮ್ಮೆ ಒತ್ತಿದಳು. ಆಮೇಲೆ ಕೊಕ್ಕಿರುವ ದಿಂಬನ್ನು ಅವನ ಕಡೆ ತಳ್ಳಿ, "ಇನ್ನೊಂದು ಮಾಡು," ಎಂದಳು.

ಇನ್ನೊಂದು ಮಾಡಿದ. ಸ್ಟಾರ್ಲಿಂಗ್. ಅದರ ಕತ್ತು ಬಾತುಕೋಳಿಯಷ್ಟು ಉದ್ದವಾಯಿತು. ಮತ್ತೊಂದರ ರೆಕ್ಕೆ ಒಣಗುವಾಗ ಜಾರಿ ಕಂಕುಳಲ್ಲಿ ಪತ್ರಿಕೆ ಇಟ್ಟುಕೊಂಡವರಂತೆ ಕಂಡಿತು. ಪ್ರತಿಯೊಂದನ್ನೂ ವಾಲ್ಮೇ ಮುಟ್ಟಿ ತೀರ್ಪು ಹೇಳುತ್ತಿದ್ದಳು. ಮರ್ಡಾಕ್ ಒಂದು ಪಾಠ ಕಲಿತ. ಕುರ್ಚಿಗೆ ತುರುಕುವ ಹಾಗೆ ಹಕ್ಕಿಗೆ ತುರುಕಬಾರದು. ಒಳಗಿಂದ ತೆಗೆದ ಮೈಯನ್ನು ಪಕ್ಕದಲ್ಲಿಟ್ಟು ನೋಡಿಕೊಂಡು, ನಾರನ್ನು ದಾರದಿಂದ ಬಿಗಿಯಾಗಿ ಸುತ್ತಿ ಸುತ್ತಿ ಅದೇ ಅಳತೆಯ ಇನ್ನೊಂದು ಮೈ ಮಾಡಬೇಕು. ಎದೆ ಎದ್ದು, ಬೆನ್ನು ಚಪ್ಪಟೆಯಾಗಿ. ಅದಕ್ಕೆ ಚರ್ಮದ ಅಂಗಿ ತೊಡಿಸಿ ತಂತಿಯಿಂದ ಕಾಲು ನಿಲ್ಲಿಸಬೇಕು. ಒಂದು ಹಾಡುವ ತ್ರಷ್ ಹಕ್ಕಿಯನ್ನು ಹಾಗೆ ಮಾಡಿ ತಂದಾಗ ವಾಲ್ಮೇ ಬಹಳ ಹೊತ್ತು ಮುಟ್ಟುತ್ತಲೇ ಇದ್ದಳು. ಕೊನೆಗೆ, "ಇದು ಕೂತಿದೆ," ಎಂದಳು. ಅಂಥ ಬಿರುದು ಮರ್ಡಾಕ್‌ಗೆ ಅವನ ಜನ್ಮದಲ್ಲಿ ಯಾರೂ ಕೊಟ್ಟಿರಲಿಲ್ಲ.

ತೂಯಿಯನ್ನು ಫ್ರೀಜರ್‌ನಿಂದ ತೆಗೆದ ದಿನ ಆಂಟಿ ರೋಯಿ ಬೆಳಿಗ್ಗೆಯೇ ಬಂದಳು. ಶೆಡ್ಡಿನ ಬಾಗಿಲಲ್ಲಿ ನಿಂತು ತನ್ನ ಭಾಷೆಯಲ್ಲಿ ಕರಕೀಯ ಹೇಳಿದಳು. ಪ್ರಾರ್ಥನೆ ಮುಗಿದ ಮೇಲೆ, "ಈಗ ನೀನೂ ಏನಾದ್ರೂ ಹೇಳು," ಎಂದಳು.

"ನಂಗೇನೂ ಬರಲ್ಲ ಆಂಟಿ."

"ಯಾರೋ ನಿಂಗೆ ಅವರ ಒಳ್ಳೇ ಕೋಟು ಕೊಟ್ಟು ಹೋದ್ರೆ ಏನು ಹೇಳ್ತೀಯ?"

ಮರ್ಡಾಕ್ ಟೋಪಿ ತೆಗೆದ. ಇಗರ್ಜಿಯಲ್ಲಿ ಕೂಡ ಅವನು ಹಿಂದಿನ ಬೆಂಚಿನಲ್ಲಿ ಕೂರುವವನು. "ಥ್ಯಾಂಕ್ಸ್ ಕಣಪ್ಪಾ," ಎಂದ ಹಕ್ಕಿಗೆ. "ಹುಷಾರಾಗಿ ನೋಡ್ಕೋತೀನಿ." ಹೇಳಿದ ಮೇಲೆ ನಾಚಿಕೆಯಾಗಬಹುದೆಂದು ಕಾದ. ಆಗಲಿಲ್ಲ.

ಎದೆ, ಕಾಲು, ರೆಕ್ಕೆ ಎಲ್ಲ ಸುಸೂತ್ರವಾಗಿ ಬಿಡಿಸಿಕೊಂಡವು. ಕತ್ತಿನ ಹತ್ತಿರ ಬಂದಾಗ ಚರ್ಮ ಈರುಳ್ಳಿಯ ಪದರಕ್ಕಿಂತ ತೆಳುವಾಗಿತ್ತು. ತಲೆಯ ಮೇಲೆ ಮಗುಚುವಾಗ ಅವನ ದಪ್ಪ ಹೆಬ್ಬೆರಳು ಒಂದಿಷ್ಟು ಹೆಚ್ಚು ಒತ್ತಿತು. ಗಂಟಲ ಮೇಲೆ ಸದ್ದಿಲ್ಲದೆ ಹರಿಯಿತು. ಬಿಳಿ ಕುಚ್ಚುಗಳಲ್ಲಿ ಒಂದು ಪೂರ್ತಿಯಾಗಿ ಕಿತ್ತು ಅವನ ಬೆರಳಿಗೆ ಅಂಟಿಕೊಂಡು ಬಂತು.

ಮರ್ಡಾಕ್ ಎರಡೂ ಕೈ ಮೇಜಿನಿಂದ ಎತ್ತಿ ಹಿಂದೆ ಸರಿದ. ಅವನ ಮುಖ ಹಿಟ್ಟಿನ ಬಣ್ಣಕ್ಕೆ ತಿರುಗಿತ್ತು. "ಕೆಡಿಸಿಬಿಟ್ಟೆ," ಎಂದ. "ಇಷ್ಟು ದಿನ ಕಾದು ಇವತ್ತು ಕೆಡಿಸಿಬಿಟ್ಟೆ. ಮಣ್ಣು ಮಾಡಿಬಿಡೋಣ ಆಂಟಿ. ನನ್ನ ಕೈ ಕುರ್ಚಿಗೇ ಲಾಯಕ್ಕು."

ಆಂಟಿ ರೋಯಿ ಬೆರಳಿಗೆ ಅಂಟಿದ ಕುಚ್ಚನ್ನು ಬಿಡಿಸಿ ಒಂದು ತಟ್ಟೆಯಲ್ಲಿಟ್ಟಳು. ಚರ್ಮ ಒಣಗದಂತೆ ಒದ್ದೆ ಬಟ್ಟೆ ಹೊದಿಸಿದಳು. "ಕೈ ತೊಳ್ಕೋ. ಚಹಾ ಕುಡಿ. ಹರಿದ ಬಟ್ಟೆ ತಂದ್ರೆ ಗಿರಾಕಿಗೆ ಮಣ್ಣು ಮಾಡು ಅಂತಿದ್ಯಾ?"

ಅವನು ಚಹಾ ಕುಡಿದ. ಮತ್ತೆ ಬಂದು ದೀಪ ಹತ್ತಿರ ಎಳೆದುಕೊಂಡು, ಜೋಸ್ಲಿನ್‌ಳ ಹೊಲಿಗೆ ಪೆಟ್ಟಿಗೆಯಿಂದ ಅತಿ ಸಣ್ಣ ಸೂಜಿ ಹುಡುಕಿ ತೆಗೆದ. ಅದೇ ಪೆಟ್ಟಿಗೆಯಲ್ಲಿ ಅವಳ ಹಳೆಯ ನೃತ್ಯದ ಉಡುಪಿನಿಂದ ಬಿಚ್ಚಿಟ್ಟ ಕಪ್ಪು ಗಾಜಿನ ಮಣಿಗಳು ಒಂದು ಚಿಕ್ಕ ಸೀಸೆಯಲ್ಲಿದ್ದವು. ತೂಯಿಯ ಕಣ್ಣಿಗೆ ಅವು ಹೇಳಿ ಮಾಡಿಸಿದಂತಿದ್ದವು. ಅವನು ಎರಡು ಮಣಿ ಆರಿಸಿ, ಅಂಗೈಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು, ಆಮೇಲೆ ಕೆಲಸಕ್ಕೆ ಕುಳಿತ. ಒಳಗಿನಿಂದ ಹರಿದದ್ದನ್ನು ಕೂಡಿಸಿ ಹೊಲಿದ. ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಚರ್ಮವನ್ನು ಅದ್ದಿ ತೊಳೆದಾಗ ಒದ್ದೆ ಕಾಲುಚೀಲದಂತೆ ಮುದುರಿ, ನೋಡಿದರೆ ಅಳು ಬರುವಂತಿತ್ತು. ಕೂದಲು ಒಣಗಿಸುವ ಯಂತ್ರದ ಬಿಸಿ ಗಾಳಿ ಬಿಟ್ಟಾಗ ಒಂದೊಂದೇ ಗರಿ ಎದ್ದಿತು. ಮೊದಲು ಎದೆ, ಆಮೇಲೆ ಕುತ್ತಿಗೆಯ ಸುತ್ತಲಿನ ಸಣ್ಣ ಬಿಳಿ ಎಳೆಗಳು. ಆಮೇಲೆ ಬೆನ್ನಿನ ಮೇಲೆ ಹಸಿರು ಹರಿದಾಡಿತು. ಆಂಟಿ ರೋಯಿ ಯಂತ್ರ ಹಿಡಿದುಕೊಂಡು ನಿಂತವಳು "ಹಾ, ಬಂದ ನೋಡು," ಎಂದಳು, ಯಾರೋ ಬಾಗಿಲಿಗೆ ಬಂದಂತೆ.

ಕಿತ್ತ ಕುಚ್ಚನ್ನು ಕೊನೆಯಲ್ಲಿ ಅಂಟು ಹಾಕಿ ಕೂರಿಸಿದ. ನೋಡಿದವರಿಗೆ ಗೊತ್ತಾಗುತ್ತಿರಲಿಲ್ಲ. ನೋಡದೆ ಮುಟ್ಟುವವರಿಗೆ ಗೊತ್ತಾಗುತ್ತದೋ ಏನೋ ಎಂಬ ಅಳುಕು ಮಾತ್ರ ಉಳಿಯಿತು. ಕೋಫೈ ಮರದ ಒಣ ಕೊಂಬೆಯ ಮೇಲೆ ಹಕ್ಕಿಯನ್ನು ನಿಲ್ಲಿಸಿ, ಗರಿ ಅಲುಗಾಡದಂತೆ ದಾರ ಸುತ್ತಿ, ಶೆಡ್ಡಿನ ಮೇಲಿನ ಹಲಗೆಯಲ್ಲಿ ಒಣಗಲು ಬಿಟ್ಟ. ಅಷ್ಟು ದಿನವೂ ವಾಲ್ಮೇ ಶೆಡ್ಡಿನ ಕಡೆ ಹೋಗಲಿಲ್ಲ, ಒಂದು ಮಾತೂ ಕೇಳಲಿಲ್ಲ.

ಆ ಕಡೆಯ ತಣ್ಣನೆಯ ಬೇಸಿಗೆಯಲ್ಲಿ, ಕ್ರಿಸ್‌ಮಸ್ ಹತ್ತಿರ ಬಂದಾಗ ತೂಯಿಯನ್ನು ವಸ್ತುಸಂಗ್ರಹಾಲಯಕ್ಕೆ ಒಯ್ದರು. ತಿಮಿಂಗಿಲ ಬೇಟೆಯ ಈಟಿಗಳು, ಹಳೆಯ ಬೆಣ್ಣೆ ಕಡೆಯುವ ಪೀಪಾಯಿ, ಯಾರದೋ ಮದುವೆಯ ಬೂಟು, ಇವುಗಳ ನಡುವೆ ಕಿಟಕಿಯ ಬಳಿ ಒಂದು ಮೇಜನ್ನು ಆಂಟಿ ರೋಯಿ ಖಾಲಿ ಮಾಡಿಸಿದ್ದಳು. ಬ್ರಯೊನಿಯೂ ಬಂದಿದ್ದಳು. ಹಕ್ಕಿಗೆ ಮುಚ್ಚಲು ಗಾಜಿನ ಪೆಟ್ಟಿಗೆಯೊಂದನ್ನು ವಸ್ತುಸಂಗ್ರಹಾಲಯದ ಸಮಿತಿಯವರು ಕಳಿಸಿದ್ದರು. ಅದು ನೆಲದ ಮೇಲೆ ಗೋಡೆಗೆ ಒರಗಿ ನಿಂತಿತ್ತು.

ವಾಲ್ಮೇ ಒಳ್ಳೆಯ ಸ್ವೆಟರ್ ಹಾಕಿಕೊಂಡು ಬಂದಿದ್ದಳು. ಮೇಜಿನ ಮುಂದೆ ಕುಳಿತು ಕೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡಳು. ಹೊಸ ಪಿಯಾನೋ ಮುಟ್ಟುವಾಗ ಅವಳು ಮೊದಲು ಅದರ ಕಾಲುಗಳನ್ನು ಮುಟ್ಟಿ ನೆಟ್ಟಗೆ ನಿಂತಿದೆಯೇ ಎಂದು ನೋಡುವವಳು. ಇಲ್ಲಿಯೂ ಕೊಂಬೆಯಿಂದ ಆರಂಭಿಸಿದಳು. ಉಗುರುಗಳು ಕೊಂಬೆಯನ್ನು ಹಿಡಿದಿದ್ದ ರೀತಿಯನ್ನು ಒಂದೊಂದಾಗಿ ಮುಟ್ಟಿದಳು. ಅಲ್ಲಿಂದ ಹೊಟ್ಟೆ, ಎದೆ. ಎರಡು ಅಂಗೈಗಳನ್ನೂ ಹಕ್ಕಿಯ ಎರಡು ಪಕ್ಕಕ್ಕೆ ಮುಚ್ಚಿದಾಗ ಹಕ್ಕಿ ಅವುಗಳೊಳಗೆ ಪೂರ್ತಿ ಸೇರಿಕೊಂಡಿತು.

"ಇಷ್ಟೇನಾ?" ಎಂದಳು.

ಮರ್ಡಾಕ್ ಮೇಜಿನ ಹತ್ತಿರಕ್ಕೆ ಬಂದ. "ಅಷ್ಟೇ ಇರೋದು ವಾಲ್. ನಾನು ಚಿಕ್ಕದು ಮಾಡಿಲ್ಲ."

"ನಾನು ಹುಂಜದಷ್ಟು ದೊಡ್ಡದು ಅಂದ್ಕೊಂಡಿದ್ದೆ. ಕೊಲ್ಲಿ ಪೂರ್ತಿ ತುಂಬೋ ಹಾಗೆ ಕೂಗುತ್ತಲ್ಲ. ಇಷ್ಟು ಮೈಯಲ್ಲಿ ಅಷ್ಟು ದನಿ ಎಲ್ಲಿಟ್ಕೊಂಡಿತ್ತೋ." ಅವಳ ಬೆರಳುಗಳು ಬೆನ್ನು ದಾಟಿ, ಬಾಗಿದ ಕೊಕ್ಕು ಮುಟ್ಟಿ, ಕುತ್ತಿಗೆಯ ಎಳೆಗಳ ಮೇಲೆ ಬಂದು, ಗಂಟಲಿನಲ್ಲಿ ನಿಂತವು. ತೋರುಬೆರಳಿನಿಂದ ಬಿಳಿ ಕುಚ್ಚನ್ನು ಮೀಟಿದಳು. ಅದು ಅಲುಗಿತು. ಇನ್ನೊಂದನ್ನು ಮೀಟಿದಳು. "ಇದು ಅಂಟಿಸಿದ್ದು."

"ಹೌದು," ಎಂದ ಮರ್ಡಾಕ್. "ಕಿತ್ತು ಬಂತು."

"ಪರವಾಗಿಲ್ಲ ಬಿಡು. ನನ್ನ ಹಲ್ಲೂ ಒಂದು ಅಂಟಿಸಿದ್ದೇ."

ಆಂಟಿ ರೋಯಿ ಜೋರಾಗಿ ನಕ್ಕಳು. ವಾಲ್ಮೇ ನಗಲಿಲ್ಲ. ಬೆರಳು ಗಂಟಲಿನ ಮೇಲೆಯೇ ಇತ್ತು. ಅವಳು ಮಾತನಾಡತೊಡಗಿದಾಗ ಯಾರನ್ನೂ ಉದ್ದೇಶಿಸಿದಂತಿರಲಿಲ್ಲ.

"ನನ್ನ ಆಕ್ಲೆಂಡಿನ ಕುರುಡು ಮಕ್ಕಳ ಶಾಲೆಗೆ ಕಳಿಸಿದಾಗ ಚಿಕ್ಕವಳು. ರೈಲು, ಹಡಗು, ಮತ್ತೆ ರೈಲು. ಅಲ್ಲಿ ಎಲ್ಲಾನೂ ಬೇರೆ. ಗಾಳಿ ಬೇರೆ, ಗಂಜಿ ಬೇರೆ, ಹಾಸಿಗೆ ವಾಸನೆ ಬೇರೆ. ನಮ್ಮಮ್ಮ ನನ್ನ ಭೂಮಿಯಿಂದಾನೇ ಆಚೆ ಎಲ್ಲಿಗೋ ಕಳಿಸಿಬಿಟ್ಟಿದ್ದಾಳೆ ಅಂತ ಅಂದ್ಕೊಂಡೆ. ಮೊದಲನೇ ಬೆಳಿಗ್ಗೆ ಕಿಟಕಿ ಹೊರಗೆ ಇವನು ಕೂಗಿದ. ನಮ್ಮ ಹಿತ್ತಲಲ್ಲಿ ಕೂಗೋ ಹಾಗೇ, ಕೊನೇಲಿ ಕೆಮ್ಮಿ. ಓ, ಇದೂ ಅದೇ ದೇಶ, ನಡ್ಕೊಂಡಾದ್ರೂ ಮನೆಗೆ ಹೋಗಬಹುದು ಅಂತ ಧೈರ್ಯ ಬಂತು. ಅವತ್ತು ಗಂಜಿ ತಿಂದೆ."

ಮರ್ಡಾಕ್ ಈ ಕತೆ ಕೇಳಿರಲಿಲ್ಲ. ಅಕ್ಕ ರಜೆಗೆ ಬಂದಾಗ ಸ್ಟೇಷನ್ನಿಗೆ ಓಡಿಹೋಗುತ್ತಿದ್ದುದು ಅವನಿಗೆ ನೆನಪಿತ್ತು. ಅವಳು ಹೇಗೆ ಅಲ್ಲಿ ಉಳಿದಳೆಂದು ಕೇಳಬೇಕೆಂದು ಆಗ ಹೊಳೆದಿರಲಿಲ್ಲ.

"ಯಾವತ್ತಾದ್ರೂ ಸಿಕ್ಕಿದ್ರೆ ಥ್ಯಾಂಕ್ಸ್ ಹೇಳಬೇಕು ಅಂತಿದ್ದೆ," ಎಂದಳು ವಾಲ್ಮೇ. ಹಕ್ಕಿಯ ತಲೆಯ ಮೇಲೆ ಬೆರಳಿಟ್ಟು, ಕೊಕ್ಕಿನಿಂದ ಬಾಲದವರೆಗೆ ಒಮ್ಮೆ ನಿಧಾನವಾಗಿ ಸವರಿದಳು. ಮತ್ತೆ ತಮ್ಮನ ದನಿ ಬಂದ ಕಡೆಗೆ ಮುಖ ತಿರುಗಿಸಿದಳು. "ಕೂತಿದೆ ಮರ್ಡಿ. ಚೆನ್ನಾಗಿ ಕೂತಿದೆ."

ಬ್ರಯೊನಿ ಕಿಟಕಿಯಿಂದ ಹೊರಗೆ ನೋಡುತ್ತ ಕಣ್ಣೊರೆಸಿಕೊಂಡಳು. ಆಂಟಿ ರೋಯಿ ಗೋಡೆಗೆ ಒರಗಿದ್ದ ಗಾಜಿನ ಪೆಟ್ಟಿಗೆಯ ಕಡೆ ಗಲ್ಲ ತೋರಿಸಿ, "ಇದನ್ನ ಮುಚ್ಚಲೇಬೇಕು ಅಂತ ನಿಮ್ಮ ಕಾನೂನಲ್ಲಿದೆಯಾ?" ಎಂದು ಕೇಳಿದಳು.

"ಹಕ್ಕಿ ಇಲ್ಲೇ ಇರಬೇಕು ಅಂತ ಇದೆ. ಗಾಜಿನ ವಿಷಯ ಏನೂ ಇಲ್ಲ," ಎಂದಳು ಬ್ರಯೊನಿ.

ಗಾಜಿನ ಪೆಟ್ಟಿಗೆ ಮದುವೆಯ ಬೂಟಿಗೆ ಹೋಯಿತು.

ಅಲ್ಲಿಂದ ಮುಂದೆ ಪ್ರತಿ ಭಾನುವಾರ ಮಧ್ಯಾಹ್ನ ವಾಲ್ಮೇ ಆ ಮೇಜಿನ ಹತ್ತಿರ ಕೂರುವುದು ರೂಢಿಯಾಯಿತು. ಕೈ ತೊಳೆದು ಬಂದವರಿಗೆ ಮುಟ್ಟಲು ಬಿಡುತ್ತಿದ್ದಳು, ಒಂದು ಬೆರಳಿನಿಂದ, ಗರಿ ಮಲಗಿದ ಕಡೆಗೆ ಮಾತ್ರ. ಬೇಸಿಗೆ ಮುಗಿಯುವ ಹೊತ್ತಿಗೆ ಒಂದು ಭಾನುವಾರ ಟುವಾಟಪೇರೆ ಕಡೆಯಿಂದ ಆಲ್ಬಿ ಡನ್‌ವೂಡಿ ಎಂಬ ಮುದುಕನನ್ನು ಅವನ ಸೊಸೆ ಕರೆತಂದಳು. ಮರ ಕಡಿಯುವ ಕೆಲಸದಲ್ಲಿ ಜೀವನವಿಡೀ ಕಾಡಿನಲ್ಲೇ ಕಳೆದವನು. ಎರಡು ವರ್ಷದಿಂದ ಕಣ್ಣು ಮಂಜಾಗುತ್ತ ಬಂದು ಈಗ ನೋಟದ ನಡುವೆ ಕಪ್ಪು ಮಚ್ಚೆಯೊಂದೇ ಉಳಿದಿತ್ತು. ಬರಲು ಅವನಿಗೆ ಇಷ್ಟವಿರಲಿಲ್ಲ ಎಂಬುದು ಹೆಜ್ಜೆಯಲ್ಲೇ ಗೊತ್ತಾಗುತ್ತಿತ್ತು.

"ತೂಯಿ ಏನು ನಾನು ನೋಡದೇ ಇರೋದಾ?" ಎಂದ. "ನೀವು ಹುಟ್ಟೋಕೆ ಮುಂಚೆ ನೋಡಿದ್ದೀನಿ."

"ನಾನು ನೋಡಿಲ್ಲ," ಎಂದಳು ವಾಲ್ಮೇ. "ಕೂತ್ಕೊಳಿ. ಬೆರಳು ಕೊಡಿ."

ಅವನ ಮೊಂಡು ಬೆರಳನ್ನು ಹಿಡಿದು ಕೊಂಬೆಯ ಮೇಲಿಟ್ಟಳು. ಉಗುರಿನಿಂದ ಎದೆಗೆ, ಎದೆಯಿಂದ ಬೆನ್ನಿಗೆ ಕರೆದೊಯ್ದಳು. ಮುದುಕನ ಭುಜ ಮೆಲ್ಲಗೆ ಇಳಿಯಿತು.

"ನಿಲ್ಲಿ, ಇಲ್ಲಿ," ಎಂದ ಅವನು. "ಇದು ಭುಜ ಅಲ್ವಾ? ಇಲ್ಲಿ ಹಸಿರು. ಬಾಟಲಿ ಹಸಿರು ಅಲ್ಲ, ಸಮುದ್ರದ ಒಳಗಿಂದ ಮೇಲೆ ನೋಡಿದ್ರೆ ಕಾಣುತ್ತಲ್ಲ, ಆ ಹಸಿರು."

"ಸಮುದ್ರದ ಹಸಿರು ನಂಗೆ ಹೇಗೆ ಗೊತ್ತಾಗಬೇಕು?"

"ಹೌದಲ್ಲ." ಅವನು ಯೋಚಿಸಿದ. "ತಣ್ಣಗಿರೋ ಹಸಿರು. ಪುದೀನ ಬಾಯಿಗೆ ಹಾಕ್ಕೊಂಡ ಹಾಗೆ. ಇಲ್ಲಿ ಕೆಳಗೆ ಕಂದು, ಅದು ಬೆಚ್ಚಗೆ, ಸುಟ್ಟ ಬ್ರೆಡ್ಡಿನ ಥರ. ಇಲ್ಲಿ ಬಾಲದ ಹತ್ರ ನೀಲಿ ಇದೆ, ಅದನ್ನ ಹೇಗೆ ಹೇಳೋದು ತಾಯಿ... ನೀವು ಪಿಯಾನೋದವರಂತೆ. ತೀರಾ ಕೆಳಗಿನ ಕಡೆಯ ಸ್ವರ ಇರುತ್ತಲ್ಲ, ಒತ್ತಿದ ಮೇಲೂ ತುಂಬ ಹೊತ್ತು ನಿಲ್ಲೋದು?"

"ಹಾ," ಎಂದಳು ವಾಲ್ಮೇ. "ಅದು ಗೊತ್ತು."

ಸೊಸೆ ಮರ್ಡಾಕ್‌ನತ್ತ ನೋಡಿದಳು. ಮಾವ ಹೋದ ಚಳಿಗಾಲದಿಂದ ಇಷ್ಟು ಮಾತನಾಡಿಲ್ಲ ಎಂದು ಪಿಸುಗುಟ್ಟಿದಳು. ಮರ್ಡಾಕ್ ಅವಳಿಗೊಂದು ಕುರ್ಚಿ ಎಳೆದು ಕೊಟ್ಟು ತಾನು ಹೊರಗೆ ಬಂದ. ನದಿಯ ಮೇಲೆ ದೋಣಿಗಳು ಒಳಗೆ ಬರುತ್ತಿದ್ದವು. ಬಿಸಿಲು ಇಳಿಯುತ್ತಿತ್ತು, ಮನೆಗೆ ಹೊರಡುವ ಹೊತ್ತು ಮೀರಿತ್ತು. ತೆರೆದ ಕಿಟಕಿಯಿಂದ ಇಬ್ಬರ ದನಿ ಕೇಳುತ್ತಿತ್ತು. ಕತ್ತಿನ ಹತ್ತಿರದ ಬಣ್ಣ ಯಾವುದು ಎಂಬ ಬಗ್ಗೆ ಮುದುಕ ಒಂದು ಹೇಳಿದರೆ ವಾಲ್ಮೇ ಒಪ್ಪದೆ ಇನ್ನೊಂದು ಕೇಳುತ್ತಿದ್ದಳು. ಮರ್ಡಾಕ್ ಬೆಂಚಿನ ಮೇಲೆ ಕಾಲು ಚಾಚಿ ಕುಳಿತ. ಅವರನ್ನು ಅವಸರಪಡಿಸಲು ಒಳಗೆ ಹೋಗಲಿಲ್ಲ.